ಮಾಟಗಾತಿಯರ ಕಾಗದ ಓದಲು ಕಲಿತದ್ದು

ಕೆಲಸದ ಮೇಲೆ ಇಂಗ್ಲೆಂಡಿನ ಎಸೆಕ್ಸ್‌ಗೆ ಬಂದು ಚೆಲ್ಮ್ಸ್‌ಫರ್ಡ್‌ನಲ್ಲಿ ಮನೆ ಮಾಡಿದವನು ನಾನು. 1566ರಲ್ಲಿ ಆಗ್ನೆಸ್ ವಾಟರ್‌ಹೌಸ್ ಎಂಬ ಮುದುಕಿಯನ್ನು ಮಾಟಗಾತಿಯೆಂದು ನೇಣಿಗೇರಿಸಿದ್ದು ಇದೇ ಊರಿನಲ್ಲಿ. ಅವಳ ಬೆಕ್ಕಿನ ಹೆಸರು ಸೈತಾನ. ಮಡಕೆಯಲ್ಲಿ ಅದಕ್ಕೆ ಹಾಸಿದ್ದ ಉಣ್ಣೆ ಬೇಕಾಗಿ, ಬೆಕ್ಕನ್ನೇ ಕಪ್ಪೆ ಮಾಡಿದಳಂತೆ. ಕಾರಣ ಬಡತನ ಎಂದು ತಾನೇ ಹೇಳಿಕೊಂಡಳಂತೆ. ಸೈತಾನನ ನಂಟಿದ್ದೂ ಹಿಡಿ ಉಣ್ಣೆಗೆ ಗತಿಯಿಲ್ಲದವಳು! ಹಳೆಯ ಮಾಟದ ಮೊಕದ್ದಮೆಗಳ ಕಾಗದ ಓದುವ ಹುಚ್ಚಿಗೆ ನನ್ನನ್ನು ಎಳೆದದ್ದು ಆ ಉಣ್ಣೆ.

ಮೂಲ ಆರೋಪಪಟ್ಟಿಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಭಾಷೆ ಲ್ಯಾಟಿನ್, ಲಿಪಿ ಆ ಕಾಲದ ಗುಮಾಸ್ತರ ಗೀಚು. 'ಸಿ' ಬರೆದರೆ 'ಆರ್' ಕಾಣುತ್ತದೆ, 'ಎಸ್' ಬರೆದರೆ 'ಎಫ್'. ಮೊದಲ ಹಾಳೆಗೆ ಎರಡು ಶನಿವಾರ ಹಿಡಿಯಿತು. ಆಮೇಲೆ ಗೊತ್ತಾಯಿತು, ಒಂದನ್ನು ಓದಿದರೆ ಎಲ್ಲವನ್ನೂ ಓದಿದಂತೆ: ಇಂಥ ಊರಿನ ಇಂಥವಳು, ಇಂಥ ದಿನ, ಇಂಥವರಿಗೆ ಮಾಟ ಮಾಡಿದಳು. ಅಷ್ಟೇ.

ನಿಜವಾದ ವಿಷಯ ಇರುವುದು ಹೆಸರಿನ ಮೇಲೆ ಇರುಕಿಸಿ ಬರೆದ ತುಂಡು ಅಕ್ಷರಗಳಲ್ಲಿ. 'ಪೊ ಸೆ': ತಪ್ಪೊಪ್ಪದೆ ಪಂಚರ ತೀರ್ಪಿಗೆ ಒಳಪಟ್ಟಿದ್ದಾಳೆ. 'ಕುಲ್': ಅಪರಾಧಿ. 'ಕಾ ನುಲ್': ಜಪ್ತಿಗೆ ಸೊತ್ತೇನೂ ಇಲ್ಲ. 'ಸುಸ್': ನೇಣು. ಒಂದು ಜೀವದ ಲೆಕ್ಕ ಹೆಬ್ಬೆರಳಿನಗಲ ಜಾಗದಲ್ಲಿ ಮುಗಿಯುತ್ತದೆ. ಬೆಂಕಿಗೆ ಹಾಕುತ್ತಿದ್ದರು ಎಂದೇ ನಂಬಿದ್ದೆ. ಇಂಗ್ಲೆಂಡಿನಲ್ಲಿ ಮಾಟಕ್ಕೆ ಮರಣದಂಡನೆಯೆಂದರೆ ನೇಣು.

ಒಮ್ಮೆ ಚೆನ್ನಾಗಿಯೇ ಮುಗ್ಗರಿಸಿದೆ. ಚರ್ಚಿನ ಪುಸ್ತಕದ ಪ್ರಕಾರ, ಮಾಟಕ್ಕೆ ಬಲಿಯಾಯಿತೆಂದ ಒಂದು ಮಗುವನ್ನು ಹೂಳಿದ್ದು 1581ರ ಫೆಬ್ರವರಿ, ನ್ಯಾಯಾಲಯದ ಲೆಕ್ಕದಲ್ಲಿ ಅದು ಸತ್ತದ್ದು ಒಂದು ವರ್ಷ ತಡವಾಗಿ. ಸುಳ್ಳು ಮೊಕದ್ದಮೆ ಸಿಕ್ಕಿತೆಂದು ಹಿಗ್ಗಿದೆ. ಆದರೆ ಆಗ ಚರ್ಚಿನವರ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ; ಫೆಬ್ರವರಿ ಅವರಿಗೆ ಇನ್ನೂ ಹಳೆಯ ವರ್ಷ. ನ್ಯಾಯಾಲಯ ವರ್ಷ ಎಣಿಸುತ್ತಿದ್ದುದು ಒಂದನೇ ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದ ನವೆಂಬರಿನಿಂದ. ಎರಡೂ ಒಂದೇ ಫೆಬ್ರವರಿ! ಯುಗಾದಿ ಮಾಡಿ ಬೆಳೆದವನಿಗೆ ಇದು ಹೊಳೆಯಬೇಕಿತ್ತು.

ಎಸೆಕ್ಸ್ ಮಾಟಗಾತಿಯರ ಸೀಮೆ ಎಂಬ ಮಾತನ್ನೂ ಈಗ ಅರ್ಧವಷ್ಟೇ ನಂಬುತ್ತೇನೆ. ಲಂಡನ್ ಸುತ್ತಲಿನ ಐದು ಕೌಂಟಿಗಳ ಕಾಗದ ಉಳಿದಷ್ಟು ಬೇರೆ ಕಡೆಯದು ಉಳಿದಿಲ್ಲ. ಆದರೂ ಆ ಐದರಲ್ಲಿ ಎಸೆಕ್ಸ್‌ನದೇ ಹೆಚ್ಚು. ಎಲ್ಲರೂ ಕೇಳುವುದು 1645ರ ಮಾಟಗಾತಿ ಬೇಟೆಗಾರ ಮ್ಯಾಥ್ಯೂ ಹಾಪ್ಕಿನ್ಸ್ ಬಗ್ಗೆ. ಅಂತರ್ಯುದ್ಧದ ಗೊಂದಲದಲ್ಲಿ ಎದ್ದ ಆಸಾಮಿ. ಅವನಿಗಿಂತ ಅಕ್ಕಪಕ್ಕದ ಮನೆಗಳ ಜಗಳಗಳೇ ನನಗೆ ಮುಖ್ಯ.

ಜಗಳ ಆರೋಪಪಟ್ಟಿಯಲ್ಲಿ ಸಿಗುವುದಿಲ್ಲ. ಅದಕ್ಕೆ ಆ ಕಾಲದಲ್ಲೇ ಅಚ್ಚಾದ ಕಿರುಹೊತ್ತಗೆಗಳನ್ನು ಪಕ್ಕದಲ್ಲಿಟ್ಟುಕೊಂಡು ಓದುತ್ತೇನೆ. ಸೇಂಟ್ ಓಸಿತ್‌ನ ಅರ್ಸುಲಾ ಕೆಂಪ್ ನೆರೆಯವಳ ಮಗುವಿನ ಕಾಯಿಲೆ ವಾಸಿಮಾಡಿದ್ದಳು. ಆ ನೆರೆಯವಳ ಕುಂಟು ವಾಸಿಮಾಡಲು ಹನ್ನೆರಡು ಪೆನ್ನಿ ಕೇಳಿದಳು; ಅವಳು ಕೊಡಲಿಲ್ಲ. ಅಲ್ಲಿಂದ 1582ರ ನೇಣಿನವರೆಗೆ ದಾರಿ ನೇರ. ಅರ್ಸುಲಾಳ ಮಗ ಥಾಮಸ್ ನ್ಯಾಯಾಧಿಕಾರಿಯ ಮುಂದೆ ತಾಯಿಯ ನಾಲ್ಕು ಭೂತಗಳನ್ನು ಹೆಸರಿಸಿದ: ಬೂದು ಬೆಕ್ಕು ಟಿಟಿ, ಕರಿ ಬೆಕ್ಕು ಜ್ಯಾಕ್, ಕಪ್ಪೆ ಪಿಜಿನ್, ಬಿಳಿ ಕುರಿಮರಿ ಟಿಫಿನ್. ಟಿಫಿನ್ ಎಂದು ಓದಿ ಗ್ರಂಥಾಲಯದಲ್ಲಿ ಒಬ್ಬನೇ ನಕ್ಕೆ. ಹುಡುಗನ ವಯಸ್ಸು ಕಣ್ಣಿಗೆ ಬಿದ್ದದ್ದು ಆಮೇಲೆ: ಎಂಟು.