ಎಬಿಸಿಡಿ ಆಮೇಲೆ, ಮೊದಲು ಊಟದ ಡಬ್ಬಿ

ಶಿರಸಿ, ಸಿದ್ದಾಪುರ, ಕುಮಟಾ ಕಡೆಯಿಂದ ಈ ಮಳೆಗಾಲದಲ್ಲೇ ಕೆನಡಾದ ಒಂಟಾರಿಯೊಗೆ ಹೊರಟಿರುವ, ಮನೆಯಲ್ಲಿ ನಾಲ್ಕರ ಆಸುಪಾಸಿನ ಮಗು ಇರುವ ಅಪ್ಪ ಅಮ್ಮಂದಿರಿಗೆ ಇದು. ನಾನು ಅಲ್ಲಿಗೆ ಹೋಗಿ 11 ವರ್ಷ ಆಯ್ತು. ನನ್ನ ಇಬ್ಬರು ಮಕ್ಕಳೂ ಅಲ್ಲಿಯೇ ಕಿಂಡರ್‌ಗಾರ್ಟನ್ ಮುಗಿಸಿದವರು. ರಜೆಗೆ ಶಿರಸಿಗೆ ಬಂದು ತವರುಮನೆ ಜಗಲಿಯಲ್ಲಿ ಕೂತಿದ್ದೇನೆ. ನೋಡಲು ಬಂದವರೆಲ್ಲ ಕೇಳುವುದು ಒಂದೇ: "ಕೂಸಿಗೆ ಇಂಗ್ಲಿಷ್ ಬರೋದಿಲ್ಲ, ಏನು ಮಾಡೋದು?"

ಇಂಗ್ಲಿಷ್ ಅಲ್ಲಿ ತಾನಾಗೇ ಬರುತ್ತದೆ. ನಾನು ಕೇಳುವುದು ಬೇರೆ. ನಿಮ್ಮ ಕೂಸು ತಾನೇ ಕೂತು ಉಣ್ಣುತ್ತದಾ?

ನನ್ನ ಮಗಳಿಗೆ ನಾಲ್ಕು ತುಂಬುವವರೆಗೂ ಯಾರಾದರೂ ತಿನ್ನಿಸಲೇಬೇಕಿತ್ತು. ಇಲ್ಲಿಗೆ ಬಂದಾಗ ಅಜ್ಜಿ ಅಂಗಳದಲ್ಲಿ ಕಾಗೆ ತೋರಿಸುತ್ತಾ, ಹಿಂದೆ ಹಿಂದೆ ಓಡುತ್ತಾ ತುತ್ತು ಕೊಡುತ್ತಿದ್ದರು. ಅಲ್ಲಿ ಶಾಲೆಯ ಮೊದಲ ದಿನ ಸ್ಟೀಲ್ ಡಬ್ಬಿಯಲ್ಲಿ ದೋಸೆ, ಬೆಲ್ಲ ಹಾಕಿ ಕಳಿಸಿದೆ. ಸಂಜೆ ಡಬ್ಬಿ ಹಾಗೇ ವಾಪಸ್ ಬಂತು. "ಅಮ್ಮ, ಮುಚ್ಚಳ ತೆಗೆಯೋಕೆ ಆಗ್ಲಿಲ್ಲ" ಅಂದಳು. ಯಾರನ್ನಾದರೂ ಕೇಳಬಹುದಿತ್ತಲ್ಲ ಅಂದರೆ, ಹೇಗೆ ಕೇಳಬೇಕು ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಇಡೀ ದಿನ ಹಸಿದುಕೊಂಡಿದ್ದ ಮಗುವಿನ ಮುಖ ನನಗೆ ಇವತ್ತಿಗೂ ಕಣ್ಣ ಮುಂದಿದೆ.

ಟೀಚರ್‌ದು ತಪ್ಪು ಅಂತ ನಾನು ಹೇಳುವುದಿಲ್ಲ. ಒಂದು ತರಗತಿಯಲ್ಲಿ 25ಕ್ಕೂ ಜಾಸ್ತಿ ಮಕ್ಕಳು ಇರುವುದು ಸಾಮಾನ್ಯ. ಒಬ್ಬರು ಟೀಚರ್, ಜೊತೆಗೆ ಚಿಕ್ಕ ಮಕ್ಕಳ ಶಿಕ್ಷಣಕ್ಕೇ ತರಬೇತಿ ಪಡೆದ ಇನ್ನೊಬ್ಬರು, ಅಷ್ಟೇ. ತುತ್ತು ಕೊಡಲು ಯಾರೂ ಇಲ್ಲ. ನಮ್ಮ ಮಕ್ಕಳ ಶಾಲೆಯಲ್ಲಿ ತಿನ್ನಲು ಸಿಗುತ್ತಿದ್ದದ್ದು ಎರಡು ಸಲ, ಒಂದೊಂದು ಸಲ 20 ನಿಮಿಷ. ಆದ್ದರಿಂದ ಇವತ್ತೇ ಶುರು ಮಾಡಿ. ಯಾವ ಡಬ್ಬಿ ಒಯ್ಯುತ್ತೀರೋ ಅದನ್ನೇ ಮಗುವಿನ ಕೈಗೆ ಕೊಟ್ಟು, ಮುಚ್ಚಳ ತೆಗೆಸಿ, ತಿನ್ನಲು ಬಿಟ್ಟು, ಮತ್ತೆ ಮುಚ್ಚಿಸಿ, ಚೀಲಕ್ಕೆ ಹಾಕಿಸಿ. ಮಧ್ಯೆ ಕೈ ಹಾಕಬೇಡಿ. ಚೆಲ್ಲಿದರೆ ಚೆಲ್ಲಲಿ. ಅಜ್ಜ ಅಜ್ಜಿಯರಿಗೂ ಮೊದಲೇ ಹೇಳಿಡಿ, ಅವರಿಗೆ ಇದು ಸಂಕಟ ಅಂತ ಗೊತ್ತು, ಆದರೂ ಹೇಳಿ.

ಡಬ್ಬಿಗೆ ಏನು ಹಾಕೋದು ಅನ್ನೋದೂ ಮುಖ್ಯ. ಅಲ್ಲಿ ತುಂಬಾ ಶಾಲೆಗಳು ಶೇಂಗಾ, ಗೇರುಬೀಜದಂಥವು ತರಬೇಡಿ ಅನ್ನುತ್ತವೆ. ಕೆಲವು ಮಕ್ಕಳಿಗೆ ಅದರ ಅಲರ್ಜಿ ಜೀವಕ್ಕೇ ಬರುತ್ತದೆ. ಇದಕ್ಕಾಗಿ ಒಂಟಾರಿಯೊದಲ್ಲಿ 2006ರಿಂದ ಒಂದು ಕಾನೂನೇ ಜಾರಿಯಲ್ಲಿದೆ. ಒಗ್ಗರಣೆ ಅವಲಕ್ಕಿಯಲ್ಲಿ ಶೇಂಗಾ ಇರುತ್ತದೆ, ಚಟ್ನಿಪುಡಿಯಲ್ಲೂ ಇರುತ್ತದೆ, ಊರಿನಿಂದ ಒಯ್ದ ಗೇರುಬೀಜವಂತೂ ಮನೆಯಲ್ಲೇ ಇರಲಿ. ಶಾಲೆಯಲ್ಲಿ ಊಟ ಬಿಸಿ ಮಾಡಿ ಕೊಡುತ್ತಾರೆ ಅಂತ ನಂಬಿಕೊಳ್ಳಬೇಡಿ. ಥರ್ಮಸ್ ಡಬ್ಬಿಗೆ ಹತ್ತು ನಿಮಿಷ ಕುದಿಯುವ ನೀರು ಹಾಕಿಟ್ಟು, ಚೆಲ್ಲಿ, ಆಮೇಲೆ ಬಿಸಿ ಅನ್ನ ಹಾಕಿ. ಮಧ್ಯಾಹ್ನದವರೆಗೂ ಬೆಚ್ಚಗೆ ಇರುತ್ತದೆ. ಸುತ್ತಿದ ದೋಸೆ, ಚಪಾತಿ, ಇಡ್ಲಿ ತುಂಡು ಎಲ್ಲಕ್ಕಿಂತ ಸುಲಭ.

ಎರಡನೆಯದು ಪಾಯಿಖಾನೆ. ನಮ್ಮಲ್ಲಿ ಮಗು "ಆಯ್ತೂ" ಅಂತ ಕೂಗುತ್ತದೆ, ದೊಡ್ಡವರು ಹೋಗಿ ತೊಳೆಸುತ್ತಾರೆ. ಅಲ್ಲಿ ಹಾಗೆ ಯಾರೂ ಬರುವುದಿಲ್ಲ, ನೀರೂ ಇರುವುದಿಲ್ಲ, ಕಾಗದ ಮಾತ್ರ. ಒರೆಸಿಕೊಳ್ಳೋದು, ಫ್ಲಶ್ ಮಾಡೋದು, ಚಡ್ಡಿ ಏರಿಸಿಕೊಳ್ಳೋದು, ಸೋಪು ಹಾಕಿ ಕೈ ತೊಳೆಯೋದು, ಇಷ್ಟನ್ನೂ ಒಂದೇ ಸರಣಿಯಾಗಿ ರೂಢಿ ಮಾಡಿಸಿ. ಗುಂಡಿ, ಬೆಲ್ಟ್ ಬೇಡ, ಇಲಾಸ್ಟಿಕ್ ಚಡ್ಡಿ ಸಾಕು. ಚೀಲದಲ್ಲಿ ಒಂದು ಜೊತೆ ಬಟ್ಟೆ ಯಾವಾಗಲೂ ಇರಲಿ.

ಮೂರನೆಯದಕ್ಕೆ ನಮ್ಮ ಮಳೆಯೇ ಪಾಠಶಾಲೆ. ಅಲ್ಲಿ ಮೈನಸ್ 10ರಲ್ಲೂ ಮಕ್ಕಳನ್ನು ಹೊರಗೆ ಆಡಲು ಬಿಡುತ್ತಾರೆ. ಅಷ್ಟೂ ಮಕ್ಕಳು ಒಟ್ಟಿಗೆ ಜಾಕೆಟ್ ಹಾಕಿಕೊಳ್ಳಬೇಕು. ಈಗ ರೇನ್‌ಕೋಟಿನಲ್ಲೇ ಅಭ್ಯಾಸ ಮಾಡಿಸಿ. ಕೋಟನ್ನು ಒಳಭಾಗ ಮೇಲೆ ಬರುವ ಹಾಗೆ ನೆಲಕ್ಕೆ ಹಾಸಿ, ಟೋಪಿ ಇರುವ ಕಡೆ ಮಗುವಿನ ಕಾಲ್ಬೆರಳ ಹತ್ತಿರ ಇರಲಿ. ಮಗು ಬಗ್ಗಿ ಎರಡೂ ತೋಳಿಗೆ ಕೈ ಹಾಕಿ, ಕೋಟನ್ನು ತಲೆ ಮೇಲಿಂದ ಹಿಂದಕ್ಕೆ ಎಸೆದರೆ ಆಯ್ತು, ಬೆನ್ನ ಮೇಲೆ ಸರಿಯಾಗಿ ಬಂದು ಕೂರುತ್ತದೆ. ನನ್ನ ಮಗ ಇದನ್ನು ಇದೇ ಜಗಲಿಯಲ್ಲಿ ಎರಡು ದಿನದಲ್ಲಿ ಕಲಿತ. ಚಳಿ ಬಟ್ಟೆಯನ್ನು ಅಲ್ಲೇ ಕೊಳ್ಳಿ, ಇಲ್ಲಿಂದ ಒಯ್ಯಬೇಡಿ. ಐದು ಬೆರಳಿನ ಗ್ಲೌಸ್ ಬೇಡ, ಹೆಬ್ಬೆರಳು ಬಿಟ್ಟು ಉಳಿದ ಬೆರಳೆಲ್ಲ ಒಟ್ಟಿಗೆ ಕೂರುವ ಮಿಟನ್ಸ್ ಸಾಕು. ಲೇಸ್ ಇಲ್ಲದ ವೆಲ್ಕ್ರೋ ಶೂ ಎರಡು ಜೊತೆ ಬೇಕಾಗುತ್ತದೆ, ಒಂದು ಒಳಗೆ, ಒಂದು ಹೊರಗೆ.

ಇನ್ನು ಕಾಗದಪತ್ರ. ಅಲ್ಲಿ ವಯಸ್ಸಿಗೆ ಕ್ಯಾಲೆಂಡರ್ ವರ್ಷದ ಲೆಕ್ಕ. ಆ ವರ್ಷದ ಡಿಸೆಂಬರ್ 31ರೊಳಗೆ ನಾಲ್ಕು ತುಂಬುವ ಮಗು ಸೆಪ್ಟೆಂಬರ್‌ನಲ್ಲೇ ಜೂನಿಯರ್ ಕಿಂಡರ್‌ಗಾರ್ಟನ್ ಸೇರಬಹುದು. ಅಂದರೆ 2022ರ ಡಿಸೆಂಬರ್‌ನಲ್ಲಿ ಹುಟ್ಟಿದ ಕೂಸಿಗೆ 2026ರ ಸೆಪ್ಟೆಂಬರ್. ಕಡ್ಡಾಯ ಅಲ್ಲ, ಶಾಲೆ ಕಡ್ಡಾಯ ಆಗುವುದು ಆರನೇ ವರ್ಷಕ್ಕೆ. ಸರ್ಕಾರಿ ಶಾಲೆಗೆ ಫೀಸು ಇಲ್ಲ.

ಲಸಿಕೆ ವಿಷಯದಲ್ಲಿ ಎಷ್ಟೋ ಜನ ಎಡವುತ್ತಾರೆ, ಇದನ್ನು ಗಮನವಿಟ್ಟು ಓದಿ. ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಹಾಕುವುದು ಎಂಆರ್, ಅಂದರೆ ದಡಾರ ಮತ್ತು ರುಬೆಲ್ಲಾ. ಅದರಲ್ಲಿ ಮಂಗನಬಾವು ಸೇರಿಲ್ಲ. ಅಲ್ಲಿ ಅದೂ ಬೇಕು. ಮೊದಲ ಡೋಸ್ ಒಂದು ವರ್ಷ ತುಂಬಿದ ಮೇಲೆ ಹಾಕಿಸಿರಬೇಕು, ಹಾಗಾಗಿ ಒಂಬತ್ತು ತಿಂಗಳಿಗೆ ಹಾಕಿಸಿದ್ದು ಲೆಕ್ಕಕ್ಕೆ ಬರುವುದಿಲ್ಲ. ಸಿಡುಬಿನಂತೆ ಕಾಣುವ ಚಿಕನ್‌ಪಾಕ್ಸ್ ಲಸಿಕೆಯೂ ಅಲ್ಲಿಯ ಪಟ್ಟಿಯಲ್ಲಿದೆ. ಹೊರಡುವ ಮೊದಲು ತಾಯಿ ಕಾರ್ಡ್ ಹಿಡಿದುಕೊಂಡು ಮಕ್ಕಳ ಡಾಕ್ಟರ್ ಹತ್ತಿರ ಕೂತು, ಪ್ರತಿ ಲಸಿಕೆಯ ಹೆಸರು, ತಾರೀಕು ಇಂಗ್ಲಿಷ್‌ನಲ್ಲಿ ಬರೆಸಿ, ಸಹಿ ಮಾಡಿಸಿ ತನ್ನಿ. ಅಲ್ಲಿ ಹೋದ ಮೇಲೆ ಅದನ್ನು ಸ್ಥಳೀಯ ಸಾರ್ವಜನಿಕ ಆರೋಗ್ಯ ಇಲಾಖೆಗೆ ನೀವೇ ತಿಳಿಸಬೇಕು.

ಭಾಷೆಗೆ ಬರೋಣ. ಇಂಗ್ಲಿಷ್ ಕಲಿಯಲಿ ಅಂತ ಮನೆಯಲ್ಲಿ ಕನ್ನಡ ನಿಲ್ಲಿಸಬೇಡಿ, ದಯವಿಟ್ಟು. ಕಾರವಾರದ ಮಕ್ಕಳನ್ನು ನೋಡಿ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಅವರಿಗೆ ಏನಾದರೂ ತೊಂದರೆ ಆಗಿದೆಯಾ? ಹೊಸ ಭಾಷೆಯ ನಡುವೆ ಬಿದ್ದ ಮಗು ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಬಾಯಿ ಬಿಡದೆ ಇರಬಹುದು. ಕೇಳಿಸಿಕೊಳ್ಳುತ್ತಿರುತ್ತದೆ, ಹೆದರಬೇಡಿ.

ನನ್ನ ಮಗ "ನೀರು, ನೀರು" ಅಂದಾಗಲೆಲ್ಲ ಟೀಚರ್ ಅವನ ಹತ್ತಿರಕ್ಕೆ ಬಂದು ಕೂರುತ್ತಿದ್ದರಂತೆ. ಅವರಿಗೆ ಅದು ಇಂಗ್ಲಿಷಿನ 'ನಿಯರ್' ಅಂತ ಕೇಳಿಸಿತ್ತು. ಮರುದಿನವೇ ಒಂದು ಚೀಟಿ ಬರೆದು ಕೊಟ್ಟೆ: ನೀರು, ಹಸಿವು, ಉಚ್ಚೆ, ನೋವು, ಸಾಕು, ಅಮ್ಮ. ಎದುರಿಗೆ ಇಂಗ್ಲಿಷ್ ಅರ್ಥ, ಉಚ್ಚಾರಣೆ. ಟೀಚರ್ ಅದನ್ನು ತಮ್ಮ ಮೇಜಿಗೆ ಅಂಟಿಸಿಕೊಂಡರು. ನೀವು ಮೊದಲ ದಿನವೇ ಕೊಡಿ. ಮಗುವಿಗೆ "ಹೆಲ್ಪ್ ಮಿ ಪ್ಲೀಸ್" ಅನ್ನೋದು ಒಂದನ್ನು ಕಲಿಸಿ, ಅದು ಎಬಿಸಿಡಿಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಮತ್ತೆ ಮನೆಯಲ್ಲಿ ಮಾಣಿ, ಕೂಸು ಅಂತ ಕರೆದೇ ಬೆಳೆಸಿದ್ದರೆ ಈಗಿನಿಂದ ಶಾಲೆಯ ಹೆಸರಿನಿಂದ ಕರೆಯಿರಿ, ಇಲ್ಲದಿದ್ದರೆ ಹಾಜರಿ ಕರೆದಾಗ ತನ್ನನ್ನೇ ಅಂತ ಗೊತ್ತಾಗುವುದಿಲ್ಲ.

ಆಗಸ್ಟ್‌ನಲ್ಲೇ ಅಲ್ಲಿ ಮುಟ್ಟಿದರೆ ಚಿಕ್ಕ ಮಕ್ಕಳು ಆಡುತ್ತಾ ಕಲಿಯುವ ಅರ್ಲಿಆನ್ ಕೇಂದ್ರ ಹತ್ತಿರದಲ್ಲಿದ್ದರೆ ಅಲ್ಲಿಗೆ ಹೋಗಿ. ಆರು ವರ್ಷದೊಳಗಿನ ಮಕ್ಕಳಿಗೆ ಉಚಿತ, ನೀವೂ ಜೊತೆಗೇ ಕೂರಬಹುದು. ಲೈಬ್ರರಿಯ ಕಥೆ ಹೇಳುವ ತಾಸಿಗೂ ಕರೆದೊಯ್ಯಿರಿ.

ಬಿಟ್ಟು ಬರುವಾಗ ಕಣ್ಣು ತಪ್ಪಿಸಿ ಓಡಬೇಡಿ. "ಊಟ ಆದ ಮೇಲೆ ಆಟ, ಆಟ ಆದ ಮೇಲೆ ನಾನು ಬರ್ತೇನೆ" ಅಂತ ಹೇಳಿ, ಒಂದು ಮುತ್ತು ಕೊಟ್ಟು ಹೊರಡಿ. ಅಳುತ್ತದೆ. ನಿಮಗೂ ಅಳು ಬರುತ್ತದೆ. ಮೊದಲ ವಾರ ಡಬ್ಬಿ ತುಂಬಿದ್ದು ತುಂಬಿದ ಹಾಗೇ ಬಂದರೂ ಬೈಯಬೇಡಿ, ಕರೆತರಲು ಹೋಗುವಾಗ ಕೈಯಲ್ಲಿ ಒಂದು ಬಾಳೆಹಣ್ಣು ಹಿಡಿದುಕೊಂಡು ಹೋಗಿ.