ಸೆಕೆಂಡ್ ಹ್ಯಾಂಡ್ ಶಾರ್ಟ್ ಬ್ಯಾರೆಲ್ ರಿವಾಲ್ವರ್: ತಗೊಳ್ಳೋ ಮುಂಚೆ ಏನೇನು ನೋಡ್ಬೇಕು

ಎರಡಿಂಚಿನ ಬ್ಯಾರೆಲ್ ಇರೋ ಚಿಕ್ಕ ರಿವಾಲ್ವರ್‌ಗಳ ಬಗ್ಗೆ ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಕೊಳ್ಳಿ, ಇವುಗಳ ಹೊರಗಿನ ಮುಖಕ್ಕೂ ಒಳಗಿನ ಆರೋಗ್ಯಕ್ಕೂ ಸಂಬಂಧ ತುಂಬಾ ಕಮ್ಮಿ. ವರ್ಷಗಟ್ಟಲೆ ಸೊಂಟದಲ್ಲೋ ಜೇಬಲ್ಲೋ ಇದ್ದು ಬಣ್ಣ ಎಲ್ಲ ಸವೆದು ಹೋಗಿರುತ್ತೆ, ಆದ್ರೆ ಹೊಡೆದಿರೋದು ಐವತ್ತು ಗುಂಡು ಕೂಡ ಇರಲ್ಲ, ಒಳಗೆ ಎಲ್ಲ ಹೊಸದರ ಹಾಗೇ ಬಿಗಿಯಾಗಿರುತ್ತೆ. ಇನ್ನೊಂದು ಕಡೆ ಕನ್ನಡಿ ತರ ಹೊಳೀತಾ ಇರುತ್ತೆ, ಒಳಗೆ ನೋಡಿದ್ರೆ ಗುಂಡು ತುಂಬೋ, ತಿರುಗೋ ಸಿಲಿಂಡರ್ ಗಡಗಡ ಅಲ್ಲಾಡುತ್ತೆ. ನಾನು ಮೊದಲ ಸಲ ತಗೊಂಡಿದ್ದು ಆ ಹೊಳೆಯೋದನ್ನೇ. ಮಾರಿದವರು "ಬರೀ ಒಂದು ಬಾಕ್ಸ್ ಹೊಡೆದಿರೋದು ಸರ್" ಅಂದ್ರು, ನಾನು ನಂಬಿದೆ, ಆಮೇಲೆ ಶೂಟಿಂಗ್ ರೇಂಜಲ್ಲಿ ಪಕ್ಕ ನಿಂತಿದ್ದ ಫ್ರೆಂಡ್ ಕೆನ್ನೆಗೆ ಸೀಸದ ಚೂರು ಸಿಡಿದು ಸಣ್ಣಗೆ ರಕ್ತ ಬಂದಾಗ್ಲೇ ಗೊತ್ತಾಗಿದ್ದು ಗುಂಡು ಕೂರೋ ಐದು ಗೂಡಲ್ಲಿ, ಅಂದ್ರೆ ಚೇಂಬರ್‌ಗಳಲ್ಲಿ, ಒಂದು ಚೇಂಬರ್ ಬ್ಯಾರೆಲ್ ಎದುರಿಗೆ ಸರಿಯಾಗಿ ಬಂದು ನಿಲ್ತಾನೇ ಇಲ್ಲ ಅಂತ. ಅವನು ಕನ್ನಡಕ ಹಾಕಿದ್ದಕ್ಕೆ ಕಣ್ಣು ಉಳೀತು. ಹತ್ತು ನಿಮಿಷ ನಿಂತು ನೋಡಿದ್ರೆ ನಂಗೆ ಅಂಗಡಿಯಲ್ಲೇ ಗೊತ್ತಾಗ್ತಿತ್ತು.

ರಿವಾಲ್ವರ್ ನೋಡೋಕೆ ಹೋಗೋ ಮುಂಚೆ ನಿಮ್ಮನ್ನ ನೀವೇ ಕೇಳ್ಕೊಳ್ಳಿ, ಇದು ಯಾಕೆ ಬೇಕು ಅಂತ. ಶಾರ್ಟ್ ಬ್ಯಾರೆಲ್ ಚಿಕ್ಕದು ಅನ್ನೋ ಕಾರಣಕ್ಕೆ ಸುಲಭ ಅಂದ್ಕೊಳ್ತಾರೆ, ನಿಜ ಉಲ್ಟಾ. ಗುರಿ ಹಿಡಿಯೋ ಮುಂದಿನ ಸೈಟ್ ಹಿಂದಿನ ಸೈಟ್ ಮಧ್ಯೆ ಅಂತರ ಕಮ್ಮಿ ಇರೋದ್ರಿಂದ ಕೈ ಕೂದಲೆಳೆಯಷ್ಟು ತಪ್ಪಿದ್ರೂ ಗುರಿ ಎಲ್ಲೋ ಹೋಗುತ್ತೆ. ಐದು ಗುಂಡಿನ ಚಿಕ್ಕ ಫ್ರೇಮ್‌ಗಳಲ್ಲಿ ಡಬಲ್ ಆಕ್ಷನ್ ಟ್ರಿಗರ್ ಎಳೆಯೋಕೆ, ಅಂದ್ರೆ ಹ್ಯಾಮರನ್ನ (ತೋಟಾಕ್ಕೆ ಹೊಡೆಯೋ ಸುತ್ತಿಗೆ) ಮೊದಲೇ ಎಳೆದಿಡದೇ ಬರೀ ಟ್ರಿಗರಲ್ಲೇ ಹೊಡೆಯೋಕೆ, ಸುಮಾರು 12 ಪೌಂಡ್ ಅಂದ್ರೆ ಐದೂವರೆ ಕೆಜಿ ಬಲ ಬೇಕು, ಗನ್ ತೂಕ ಅದರ ಹತ್ತನೇ ಒಂದು ಭಾಗದ ಆಸುಪಾಸು ಅಷ್ಟೇ. ಸ್ಟೀಲ್ ಫ್ರೇಮ್ ಇದ್ರೆ ಸುಮಾರು 550 ಗ್ರಾಂ, ಅಲ್ಯೂಮಿನಿಯಂ ಆದ್ರೆ 425 ಗ್ರಾಂ ಆಸುಪಾಸು, ಹಗುರ ಆದಷ್ಟೂ ಕೈಗೆ ಹೊಡೆತ ಜಾಸ್ತಿ. .357 ಮ್ಯಾಗ್ನಮ್ ಅನ್ನೋ ಜೋರು ತೋಟಾ ಹಾಕೋ ತುಂಬಾ ಹಗುರದ ಮಾಡೆಲ್‌ಗಳಲ್ಲಿ ಐದು ಗುಂಡು ಹೊಡೆದ್ಮೇಲೆ ಆರನೇದು ಹೊಡೆಯೋಕೆ ಮನಸ್ಸೇ ಬರಲ್ಲ. ಪ್ರಾಕ್ಟೀಸ್ ಮಾಡೋಕೆ, ಕಲಿಯೋಕೆ ಅಂತಿದ್ರೆ ನಾಲ್ಕು ಇಂಚಿನದ್ದೇ ತಗೊಳ್ಳಿ, ನಾನು ಎಲ್ರಿಗೂ ಇದನ್ನೇ ಹೇಳೋದು. ಈಗಾಗ್ಲೇ ಕೈ ಪಳಗಿದೆ, ಮೈ ಮೇಲೆ ಇಟ್ಕೊಂಡು ಓಡಾಡೋ ಲೈಸೆನ್ಸ್ ಇದೆ, ಅದಕ್ಕೇ ಬೇಕು ಅನ್ನೋರಿಗೆ ಮಾತ್ರ ಇದು.

ಲೈಸೆನ್ಸ್ ವಿಷಯ ಒಂದೇ ಮಾತಲ್ಲಿ ಮುಗಿಸ್ತೀನಿ. ನಿಮ್ಮ ಕಡೆ ಕಾನೂನು ಏನಿದೆಯೋ ಅದರ ಪ್ರಕಾರ ಪೇಪರ್ ಆಗ್ಬೇಕು, ಪೇಪರಲ್ಲಿರೋ ನಂಬರ್ರೂ ಗನ್ ಮೇಲಿರೋ ನಂಬರ್ರೂ ಒಂದೇ ಇರ್ಬೇಕು, ನಂಬರ್ ಮೇಲೆ ಅರ ಹಾಕಿ ಉಜ್ಜಿದ ಗುರುತು ಕಂಡ್ರೆ ಟೇಬಲ್ ಮೇಲಿಟ್ಟು ಎದ್ದು ಬನ್ನಿ, ಎಷ್ಟೇ ಕಮ್ಮಿಗೆ ಕೊಟ್ರೂ ಬೇಡ.

ಈಗ ಕೈಗೆ ತಗೊಳ್ಳೋದು. ಕೊಡೋರು ಖಾಲಿ ಇದೆ ಅಂದ್ರೂ ಸಿಲಿಂಡರನ್ನ ಪಕ್ಕಕ್ಕೆ ತೆಗೆದು ಪ್ರತಿ ಚೇಂಬರ್ ನೋಡಿ, ಬೆರಳಲ್ಲಿ ಮುಟ್ಟಿ ನೋಡಿ, ಬ್ಯಾರೆಲ್ ಬಾಯಿ ಯಾರ ಕಡೆಗೂ ಇರಬಾರ್ದು. ಸಿಲಿಂಡರನ್ನ ಸಿನಿಮಾದಲ್ಲಿ ಮಾಡೋ ಹಾಗೆ ಮಣಿಕಟ್ಟು ಝಾಡಿಸಿ ಮುಚ್ಚೋರು ಇರ್ತಾರೆ, ಅದ್ರಿಂದ ಸಿಲಿಂಡರ್ ಹಿಡಿದಿರೋ ತೋಳು ಬಗ್ಗುತ್ತೆ, ಆಮೇಲೆ ಯಾವುದೂ ನೇರ ಕೂರಲ್ಲ. ಮಾರೋರೇ ಹಾಗೆ ಮುಚ್ಚಿ ತೋರಿಸಿದ್ರೆ ಆ ಗನ್ ಇಷ್ಟು ದಿನ ಯಾವ ಕೈಯಲ್ಲಿತ್ತು ಅಂತ ಅಲ್ಲೇ ಅರ್ಥ ಮಾಡ್ಕೊಳ್ಳಿ. ಮುಚ್ಚುವಾಗ ತೋಳು ಫ್ರೇಮಿಗೆ ಸೇರೋ ಗೆರೆಯಲ್ಲಿ ಸಂದು ಕಾಣಬಾರ್ದು. ಟ್ರಿಗರ್ ಎಳೆದು ನೋಡೋ ಮುಂಚೆ ಅವರ ಪರ್ಮಿಷನ್ ಕೇಳಿ, ಡಮ್ಮಿ ತೋಟಾ ನಿಮ್ಮ ಹತ್ರ ಇದ್ರೆ ಒಯ್ಯಿರಿ, .22 ರಿಮ್‌ಫೈರ್, ಅಂದ್ರೆ ಪಿನ್ ತೋಟಾದ ಅಂಚಿಗೆ ಹೊಡೆಯೋ ತರದ್ದು ಆಗಿದ್ರೆ ಖಾಲಿ ಚೇಂಬರ್ ಮೇಲೆ ಟ್ರಿಗರ್ ಎಳೆಯಲೇಬೇಡಿ, ಪಿನ್ ಚೇಂಬರ್ ಅಂಚಿಗೆ ಹೊಡೆದು ಹಾಳಾಗುತ್ತೆ.

ಎಲ್ಲಕ್ಕಿಂತ ಮುಖ್ಯ ಟೈಮಿಂಗ್. ಅಂದ್ರೆ ಹ್ಯಾಮರ್ ಪೂರ್ತಿ ಹಿಂದಕ್ಕೆ ಬರೋ ಹೊತ್ತಿಗೆ ಸಿಲಿಂಡರ್ ತಿರುಗಿ ಮುಗಿಸಿ ಲಾಕ್ ಆಗಿರ್ಬೇಕು. ಪರೀಕ್ಷೆ ಹೀಗೆ: ಎಡಗೈಯ ಒಂದು ಬೆರಳನ್ನ ಸಿಲಿಂಡರ್‌ಗೆ ಹಗುರವಾಗಿ ತಾಗಿಸಿ, ಸೈಕಲ್ಲಿಗೆ ಒಂಚೂರು ಬ್ರೇಕ್ ಹಿಡಿದ ಹಾಗೆ, ಬಲಗೈ ಹೆಬ್ಬೆರಳಲ್ಲಿ ಹ್ಯಾಮರನ್ನ ಆದಷ್ಟು ನಿಧಾನ ಎಳೀರಿ. ಹ್ಯಾಮರ್ ನಿಲ್ಲೋದ್ರೊಳಗೆ ಕೆಳಗಿನ ಲಾಕ್ ಸಿಲಿಂಡರಿನ ಕಚ್ಚಿನಲ್ಲಿ ಟಕ್ ಅಂತ ಕೂತಿರ್ಬೇಕು. ಹ್ಯಾಮರ್ ನಿಂತ್ಮೇಲೂ ಸಿಲಿಂಡರನ್ನ ಬೆರಳಲ್ಲಿ ಇನ್ನೊಂಚೂರು ತಳ್ಳಿದಾಗ ಟಕ್ ಅಂದ್ರೆ ಆ ಚೇಂಬರ್ ಲೇಟು. ಒಂದು ಚೇಂಬರ್ ನೋಡಿ ಬಿಡಬೇಡಿ, ಐದಿದ್ರೆ ಐದೂ ಆರಿದ್ರೆ ಆರೂ ನೋಡಿ, ನಂದು ನಾಲ್ಕು ಸರಿ ಇತ್ತು ಒಂದೇ ತಪ್ಪಿದ್ದು. ಜೋರಾಗಿ ಎಳೆದ್ರೆ ಸಿಲಿಂಡರ್ ತಿರುಗೋ ವೇಗಕ್ಕೇ ಹೋಗಿ ಲಾಕ್ ಆಗುತ್ತೆ, ತಪ್ಪು ಮುಚ್ಚಿಹೋಗುತ್ತೆ, ಅದಕ್ಕೇ ನಿಧಾನ ಅಂದಿದ್ದು. ಹ್ಯಾಮರ್ ಒಳಗೇ ಮುಚ್ಚಿರೋ ಮಾಡೆಲ್ ಆದ್ರೆ ಟ್ರಿಗರನ್ನೇ ಹೀಗೆ ನಿಧಾನ ಎಳೆದು, ಹ್ಯಾಮರ್ ಬೀಳೋ ಮುಂಚೆ ಲಾಕ್ ಸದ್ದು ಬಂತಾ ಅಂತ ಕಿವಿ ಕೊಟ್ಟು ಕೇಳಿ.

ಆಮೇಲೆ ಟ್ರಿಗರ್ ಎಳೆದು, ಹ್ಯಾಮರ್ ಬಿದ್ಮೇಲೂ ಟ್ರಿಗರ್ ಬಿಡದೇ ಹಾಗೇ ಹಿಡ್ಕೊಂಡು ಸಿಲಿಂಡರನ್ನ ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಗುಂಡು ಹಾರೋ ಕ್ಷಣದಲ್ಲಿ ಗನ್ ಇರೋದು ಇದೇ ಸ್ಥಿತಿಯಲ್ಲಿ. ಕೋಲ್ಟ್ ಕಂಪನಿಯ ಹಳೇ ರಿವಾಲ್ವರ್‌ಗಳು ಇಲ್ಲಿ ಒಂಚೂರೂ ಅಲ್ಲಾಡಬಾರ್ದು, ಅವುಗಳ ಡಿಸೈನೇ ಹಾಗೆ, ಟ್ರಿಗರ್ ಎಳೆದಾಗ ಒಳಗಿನ ಹ್ಯಾಂಡ್ ಅನ್ನೋ ಭಾಗ ಸಿಲಿಂಡರನ್ನ ಲಾಕ್ ಕಡೆಗೆ ಒತ್ತಿ ಹಿಡಿಯುತ್ತೆ. ಸ್ಮಿತ್ ಅಂಡ್ ವೆಸನ್ ಕಂಪನಿಯದರಲ್ಲಿ ಸ್ವಲ್ಪ ಅಲ್ಲಾಟ ಇರೋದು ಸಹಜ, ಹೆದರಬೇಡಿ. ಇದು ಗೊತ್ತಿಲ್ಲದೇ ಒಳ್ಳೇ ಸ್ಮಿತ್ ಬಿಟ್ಟು ಬಂದೋರೂ ಇದ್ದಾರೆ, ಅಲ್ಲಾಡೋ ಕೋಲ್ಟ್ ತಗೊಂಡೋರೂ ಇದ್ದಾರೆ. ಕೋಲ್ಟ್ ಡಿಟೆಕ್ಟಿವ್ ಸ್ಪೆಷಲ್ 1927ರಿಂದ ಬಂದಿರೋ ಗನ್, ಆರು ಗುಂಡು ಹಿಡಿಯುತ್ತೆ, ನೋಡೋಕೂ ಚೆಂದ, ಆದ್ರೆ ಅದರ ಟೈಮಿಂಗ್ ಸರಿ ಮಾಡೋಕೆ ಗೊತ್ತಿರೋ ಗನ್ ಸ್ಮಿತ್ ಸಿಗೋದು ಕಷ್ಟ ಆಗ್ತಾ ಇದೆ. 1950ರಲ್ಲಿ ಬಂದ ಸ್ಮಿತ್‌ನವರ ಚೀಫ್ಸ್ ಸ್ಪೆಷಲ್, 1957ರಿಂದ ಮಾಡೆಲ್ 36 ಅಂತ ಕರೆಯೋದು, ಐದೇ ಗುಂಡು ಆದ್ರೂ ರಿಪೇರಿ ಗೊತ್ತಿರೋರು ಜಾಸ್ತಿ. ಹಳೇದು ತಗೊಳ್ಳೋವಾಗ ನಾನು ಈ ಕಾರಣಕ್ಕೇ ಸ್ಮಿತ್ ಕಡೆಗೆ ವಾಲ್ತೀನಿ, ಇಷ್ಟ ಕೋಲ್ಟೇ ಆಗಿದ್ರೂ.

ಸಿಲಿಂಡರನ್ನ ಹಿಂದಕ್ಕೆ ಮುಂದಕ್ಕೆ ತಳ್ಳಿನೂ ನೋಡಿ. ಕಣ್ಣಿಗೆ ಕಾಣೋ ಅಷ್ಟು ಓಡಾಡಿದ್ರೆ ಸವೆದಿದೆ ಅಂತ ಅರ್ಥ, ವಾಷರ್ ತರದ ತೆಳು ಶಿಮ್ ಹಾಕಿ ಸರಿ ಮಾಡಬಹುದು, ಹಾಗಾಗಿ ಇದೊಂದಕ್ಕೇ ಬೇಡ ಅನ್ನಬೇಕಿಲ್ಲ, ರೇಟ್ ಇಳಿಸಿ ಕೇಳಿ. ಸಿಲಿಂಡರ್ ಮುಂದಿನ ಮುಖಕ್ಕೂ ಬ್ಯಾರೆಲ್ ಹಿಂದಿನ ತುದಿಗೂ ಮಧ್ಯೆ ಇರೋ ಸಂದು ಮಾತ್ರ ಅಳತೆ ಮಾಡಿ, ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ಸೆಟ್ ಮಾಡೋಕೆ ಇಟ್ಕೊಂಡಿರೋ ಫೀಲರ್ ಗೇಜ್ ಸಾಕು. 0.004ರಿಂದ 0.008 ಇಂಚು ಅಂದ್ರೆ ಆರೋಗ್ಯವಾಗಿದೆ. 0.010 ದಾಟಿದ್ರೆ ಗ್ಯಾಸ್ ಜಾಸ್ತಿ ಪಕ್ಕಕ್ಕೆ ಹೋಗುತ್ತೆ, ಮೊದಲೇ ಗಿಡ್ಡ ಬ್ಯಾರೆಲ್ಲು, ಗುಂಡಿನ ವೇಗ ಕಮ್ಮಿ, ಅದರಲ್ಲೂ ಸೋರಿದ್ರೆ ಇನ್ನೇನು ಉಳೀತು. ಸಿಲಿಂಡರನ್ನ ಒಮ್ಮೆ ಹಿಂದಕ್ಕೆ ಒತ್ತಿ ಒಮ್ಮೆ ಮುಂದಕ್ಕೆ ಒತ್ತಿ ಎರಡು ಸಲ ಅಳೀರಿ, ಎರಡರ ವ್ಯತ್ಯಾಸವೇ ಆ ಓಡಾಟದ ಲೆಕ್ಕ.

ಹ್ಯಾಮರ್ ಕಾಕ್ ಮಾಡಿ, ಅಂದ್ರೆ ಪೂರ್ತಿ ಹಿಂದಕ್ಕೆ ಎಳೆದು ನಿಲ್ಲಿಸಿ, ಟ್ರಿಗರ್ ಮುಟ್ಟದೇ ಹೆಬ್ಬೆರಳಲ್ಲಿ ಹ್ಯಾಮರನ್ನ ಹಿಂದಿನಿಂದ ಮುಂದಕ್ಕೆ ಒತ್ತಿ. ಬಿದ್ರೆ ಅಲ್ಲಿಗೆ ಮುಗೀತು, ವಾಪಸ್ ಕೊಟ್ಬಿಡಿ. ಯಾರೋ ಟ್ರಿಗರ್ ನಯ ಮಾಡ್ತೀನಿ ಅಂತ ಒಳಗಿನ ಅಂಚನ್ನ ಕಲ್ಲಲ್ಲಿ ಉಜ್ಜಿರ್ತಾರೆ, ಅಂಥ ಗನ್ ಕೈಜಾರಿದ್ರೂ ಹಾರಬಹುದು. ಮನೆಯಲ್ಲೇ ಕೈ ಹಾಕಿದ್ದಾರೆ ಅನ್ನೋದಕ್ಕೆ ಇನ್ನೊಂದು ಸಾಕ್ಷಿ ಪಕ್ಕದ ಸ್ಕ್ರೂಗಳು, ತಲೆ ಕಿತ್ತು ಹೋಗಿದ್ರೆ ಅಳತೆ ಇಲ್ಲದ ಸ್ಕ್ರೂಡ್ರೈವರ್ ಹಾಕಿದ್ದಾರೆ, ಅಂಥೋರು ಒಳಗೆ ಹೋಗಿ ಏನು ಮಾಡಿದ್ರೋ ದೇವರೇ ಬಲ್ಲ. ಟ್ರಿಗರ್ ವಿಪರೀತ ಹಗುರ ಇದ್ರೆ ಸ್ಪ್ರಿಂಗ್ ಬದಲಾಯಿಸಿದ್ದೀರಾ ಅಂತ ಕೇಳಿ, ಮೆತ್ತನೆ ಸ್ಪ್ರಿಂಗ್ ಇದ್ರೆ ಹ್ಯಾಮರ್ ಹೊಡೆತ ಸಾಲದೇ ಗುಂಡು ಹಾರದೇ ಇರಬಹುದು, ಪ್ರಾಣ ಉಳಿಸೋಕೆ ಇಟ್ಕೊಂಡಿರೋ ವಸ್ತು ಹಾಗೆ ಮಾಡಿದ್ರೆ ಏನು ಪ್ರಯೋಜನ. ಜೇಬಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ ಅಂತ ಹ್ಯಾಮರಿನಲ್ಲಿ ಹೆಬ್ಬೆರಳು ಇಡೋ ಕಿವಿ ಕತ್ತರಿಸಿರೋದೂ ಸಿಗುತ್ತೆ, ಅದು ಫ್ಯಾಕ್ಟರಿ ಕೆಲಸವೋ ಅರ ಹಾಕಿದ ಕೆಲಸವೋ ಅಂಚು ನೋಡಿದ್ರೇ ತಿಳಿಯುತ್ತೆ.

ಟಾರ್ಚ್ ಬೇಕು ಈಗ. ಬ್ಯಾರೆಲ್ ಒಳಗೆ ಬೆಳಕು ಬಿಟ್ಟು ನೋಡಿ, ಒಂದು ಕಡೆ ಉಂಗುರದ ತರ ಕಪ್ಪು ನೆರಳು ಸುತ್ತಿದ್ರೆ ಬ್ಯಾರೆಲ್ ಉಬ್ಬಿದೆ, ಹಿಂದೆ ಯಾವತ್ತೋ ಒಳಗೆ ಸಿಕ್ಕಿಕೊಂಡಿದ್ದ ಗುಂಡಿನ ಹಿಂದೆ ಇನ್ನೊಂದು ಹೊಡೆದಿದ್ದಾರೆ. ಸ್ವಲ್ಪ ಕಪ್ಪು, ಸ್ವಲ್ಪ ಸೀಸ ಬ್ರಶ್ ಹಾಕಿದ್ರೆ ಹೋಗುತ್ತೆ. ಬ್ಯಾರೆಲ್‌ನ ಹಿಂದಿನ ಬಾಯಿ ಇದೆಯಲ್ಲ, ಗುಂಡು ಸಿಲಿಂಡರಿಂದ ಹಾರಿ ಒಳಗೆ ಹೋಗೋ ಕೊಳವೆ ತರದ ಜಾಗ, ಫೋರ್ಸಿಂಗ್ ಕೋನ್ ಅಂತಾರೆ, ಅಲ್ಲಿ ಬಿರುಕು ಇದ್ಯಾ ಅಂತ ಭೂತಗನ್ನಡಿ ಹಿಡಿದು ನೋಡಿ. ಮಸಿ ಮೆತ್ತಿದ್ರೆ ಒರೆಸೋಕೆ ಬಿಡಿ ಅಂತ ಕೇಳಿ, ಮಸಿ ಕೆಳಗೇ ಬಿರುಕು ಅಡಗಿರೋದು. ಅಲ್ಯೂಮಿನಿಯಂ ಫ್ರೇಮ್ ಆದ್ರೆ ಸಿಲಿಂಡರ್ ತೆಗೆದು, ಬ್ಯಾರೆಲ್ ಫ್ರೇಮಿಗೆ ಸೇರೋ ಜಾಗದ ಕೆಳಗೆ ನೋಡಿ, ಲೋಹ ಅಲ್ಲಿ ತುಂಬಾ ತೆಳು, ಬಿರುಕು ಬಿಡೋದು ಅಲ್ಲೇ, ಬಿಟ್ರೆ ಆ ಫ್ರೇಮ್ ಗುಜರಿಗೆ. ಹಳೇ ಅಲ್ಯೂಮಿನಿಯಂ ಗನ್‌ಗೆ +ಪಿ ಅಂತ ಗುರುತಿರೋ ಜೋರು ತೋಟಾ ಹಾಕೋ ಯೋಚನೆ ಬಿಟ್ಬಿಡಿ. ಇನ್ನೂ ಒಂದಿದೆ, 1950ರ ದಶಕದ ಶುರುವಿನ ಕೆಲವು ಸ್ಮಿತ್ ಏರ್‌ವೇಟ್‌ಗಳಲ್ಲಿ (ಅಲ್ಯೂಮಿನಿಯಂ ಫ್ರೇಮಿನ ಹಗುರದ ಮಾಡೆಲ್‌ಗಳು) ಸಿಲಿಂಡರ್ ಕೂಡ ಅಲ್ಯೂಮಿನಿಯಂದೇ ಇತ್ತು, ಆಮೇಲೆ ಸ್ಟೀಲಿಗೆ ಬದಲಾಯಿಸಿದ್ರು. ಜೇಬಲ್ಲಿ ಒಂದು ಮ್ಯಾಗ್ನೆಟ್ ಇಟ್ಕೊಳ್ಳಿ, ಅಂಥ ಕಾಲದ್ದರ ಸಿಲಿಂಡರ್‌ಗೆ ಅದು ಅಂಟಿಲ್ಲ ಅಂದ್ರೆ ಸಂಗ್ರಹ ಮಾಡೋರಿಗೆ ಬಿಡಿ, ಅದರಲ್ಲಿ ಗುಂಡು ಹೊಡೆಯೋಕೆ ಹೋಗಬೇಡಿ.

ಬ್ಯಾರೆಲ್ ಫ್ಯಾಕ್ಟರಿಯಲ್ಲೇ ಗಿಡ್ಡವಾಗಿ ಬಂದಿದ್ದಾ ಅಥವಾ ಯಾರಾದ್ರೂ ಕತ್ತರಿಸಿದ್ದಾ ಅನ್ನೋದು ಶಾರ್ಟ್ ಬ್ಯಾರೆಲ್‌ನಲ್ಲಿ ಮಾತ್ರ ಬರೋ ಪ್ರಶ್ನೆ, ಹೊಸಬರು ಇದನ್ನ ಯೋಚನೆನೇ ಮಾಡಲ್ಲ. ಎರಡನೇ ಮಹಾಯುದ್ಧದ ಟೈಮಲ್ಲಿ ಬ್ರಿಟಿಷ್ ಸೇನೆಗೆ ಹೋಗಿದ್ದ ಸ್ಮಿತ್ ವಿಕ್ಟರಿ ಮಾಡೆಲ್‌ಗಳು .38 ಎಸ್ ಅಂಡ್ ಡಬ್ಲ್ಯೂ ಅನ್ನೋ ತೋಟಾಕ್ಕೆ ಮಾಡಿದ್ದವು, ಯುದ್ಧ ಮುಗಿದ್ಮೇಲೆ ಎಷ್ಟೋ ಜನ ಬ್ಯಾರೆಲ್ ಕತ್ತರಿಸಿ, ಚೇಂಬರ್ ಕೊರೆದು ಉದ್ದ ಮಾಡಿ .38 ಸ್ಪೆಷಲ್ ಹಾಕೋ ಹಾಗೆ ಮಾಡಿ ಮಾರಿದ್ರು. ಹೆಸರಲ್ಲಿ ಎರಡೂ .38 ಆದ್ರೂ ಎಸ್ ಅಂಡ್ ಡಬ್ಲ್ಯೂ ತೋಟಾ ದಪ್ಪ, ಗಿಡ್ಡ, ಸ್ಪೆಷಲ್ ಸಪೂರ, ಉದ್ದ. ಹಾಗಾಗಿ ಕೊರೆದ ಚೇಂಬರಿನ ಹಿಂಭಾಗ ದೊಡ್ಡದಾಗೇ ಉಳಿಯುತ್ತೆ, ಹೊಡೆದಾಗ ತೋಟಾದ ಹಿಂಬದಿ ಉಬ್ಬುತ್ತೆ, ಕೆಲವೊಮ್ಮೆ ಸೀಳುತ್ತೆ. ಗುರುತು ಹಿಡಿಯೋದು ಹೇಗೆ ಅಂದ್ರೆ ಬ್ಯಾರೆಲ್ ಬಾಯಿ ಸೊಟ್ಟ ಅಥವಾ ಒರಟು ಇರುತ್ತೆ, ಮುಂದಿನ ಸೈಟ್ ಬೆಸುಗೆ ಹಾಕಿದ ಹಾಗೆ ಕಾಣುತ್ತೆ, ಬ್ಯಾರೆಲ್ ಮೇಲಿನ ಅಕ್ಷರಗಳು ಅರ್ಧಕ್ಕೇ ತುಂಡಾಗಿರ್ತವೆ, ಖಾಲಿ ತೋಟಾ ಹೊರಗೆ ತಳ್ಳೋ ಎಜೆಕ್ಟರ್ ರಾಡಿನ ಮುಂದಿನ ತುದಿ ಹಿಡಿಯೋ ಗುಬುಟು ಇರಲ್ಲ.

ರಾಡ್ ಅಂದಾಗ ನೆನಪಾಯ್ತು, ಸಿಲಿಂಡರ್ ತೆಗೆದಿಟ್ಟು ತಿರುಗಿಸಿ ರಾಡಿನ ತುದಿ ನೋಡಿ, ಸೊಟ್ಟ ಸುತ್ತಿದ್ರೆ ಬಗ್ಗಿದೆ, ಟ್ರಿಗರ್ ಒಂದು ಚೇಂಬರ್‌ಗೆ ಗಟ್ಟಿ ಒಂದಕ್ಕೆ ಸಲೀಸು ಅನ್ನಿಸೋದು ಎಷ್ಟೋ ಸಲ ಇದರಿಂದಲೇ.

ಬಣ್ಣ, ಗೀರು, ಹೋಲ್‌ಸ್ಟರ್ ಉಜ್ಜಿದ ಗುರುತು ಇವೆಲ್ಲ ಲೆಕ್ಕಕ್ಕೆ ಇಲ್ಲ. ತುಕ್ಕು ಮಾತ್ರ ಲೆಕ್ಕಕ್ಕೆ ಇದೆ. ಹಿಡಿಯ ಸ್ಕ್ರೂ ಬಿಚ್ಚಿ ತೋರಿಸಿ ಅಂತ ಕೇಳಿ, ಬೆವರಿಳಿದು ಒಳಗೆ ಕೂತು ತುಕ್ಕು ತಿನ್ನೋದು ಅಲ್ಲೇ, ಹೊರಗಿಂದ ಕಾಣಲ್ಲ. ಹೊಸದಾಗಿ ಬ್ಲೂಯಿಂಗ್, ಅಂದ್ರೆ ಲೋಹಕ್ಕೆ ಕಡು ನೀಲಿ ಬಣ್ಣ ಬರಿಸೋದು, ಮಾಡಿಸಿದ್ದಾರಾ ಅಂತ ನೋಡೋಕೆ ಅಕ್ಷರಗಳ ಅಂಚು ನೋಡಿ, ಪಾಲಿಶ್ ಹೊಡೆದ್ರೆ ಅಕ್ಷರ ಮಸುಕಾಗಿರುತ್ತೆ, ಸ್ಕ್ರೂ ಗುಳಿಯ ಅಂಚು ದುಂಡಗಾಗಿರುತ್ತೆ. ಹಳೇ ಸ್ಮಿತ್‌ಗಳಲ್ಲಿ ಹ್ಯಾಮರ್, ಟ್ರಿಗರ್ ಬೂದು ಕಂದು ಮಿಶ್ರ ಬಣ್ಣದಲ್ಲಿ ಬರ್ತಿತ್ತು, ಅವೂ ಕಡು ನೀಲಿ ಇದ್ರೆ ಯಾರೋ ಮುಳುಗಿಸಿ ತೆಗೆದಿದ್ದಾರೆ. ನನ್ನ ಹೊಳೆಯೋ ಗನ್‌ದೂ ಹಾಗೇ ಇತ್ತು, ಆಗ ನಂಗೆ ಅದು ಚೆಂದ ಕಂಡಿತ್ತು. ಬೆವರು ಜಾಸ್ತಿ ಇರೋರು ಸ್ಟೇನ್‌ಲೆಸ್ ಹುಡುಕಿ, 1965ರಲ್ಲಿ ಬಂದ ಸ್ಮಿತ್ ಮಾಡೆಲ್ 60 ಈ ಸಾಲಿನಲ್ಲಿ ಮೊದಲನೇದು, ಮೈಗೆ ಹತ್ತಿರ ಇಟ್ಕೊಳ್ಳೋರಿಗೆ ಅಂತಾನೇ ಇರೋ ಹಾಗಿದೆ.

ಇಷ್ಟೆಲ್ಲ ಪಾಸ್ ಆದ್ರೂ ದುಡ್ಡು ಕೊಡೋ ಮುಂಚೆ ರೇಂಜಲ್ಲಿ ಹೊಡೆದು ನೋಡೋಕೆ ಆಗುತ್ತಾ ಕೇಳಿ. ಎಲ್ಲರೂ ಒಪ್ಪಲ್ಲ, ಒಪ್ಪದೇ ಇದ್ರೆ ಸಮಸ್ಯೆ ಬಂದ್ರೆ ವಾಪಸ್ ತಗೊಳ್ತೀವಿ ಅಂತ ಬರೆದು ಕೊಡಿ ಅಂದ್ರೂ ಆಯ್ತು. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಹಾಕಿ, ಪಕ್ಕದಲ್ಲಿ ಯಾರನ್ನೂ ನಿಲ್ಲಿಸಬೇಡಿ. ನಿಮ್ಮ ಬೆರಳು ಸಿಲಿಂಡರಿನ ಮುಂದಿನ ಅಂಚು ದಾಟಿ ಮುಂದಕ್ಕೆ ಹೋಗಬಾರ್ದು, ಚಿಕ್ಕ ಗನ್ ಅಲ್ವಾ, ಎಡಗೈ ಹೆಬ್ಬೆರಳು ತಾನಾಗೇ ಆ ಸಂದಿನ ಹತ್ರ ಹೋಗಿ ಕೂತಿರುತ್ತೆ, ಅಲ್ಲಿಂದ ಬರೋ ಬಿಸಿ ಗ್ಯಾಸ್ ಚರ್ಮ ಸುಡುತ್ತೆ. ಪ್ರತಿ ಚೇಂಬರಲ್ಲೂ ಕಮ್ಮಿ ಅಂದ್ರೂ ನಾಲ್ಕೈದು ಗುಂಡು ಹೋಗ್ಲಿ. ಗನ್‌ನ ಎರಡೂ ಪಕ್ಕಕ್ಕೆ ಸ್ವಲ್ಪ ದೂರದಲ್ಲಿ ಬಿಳಿ ರಟ್ಟು ನಿಲ್ಲಿಸಿದ್ರೆ ಸೀಸ ಸಿಡೀತಾ ಇದ್ರೆ ಅದರ ಮೇಲೆ ಗೊತ್ತಾಗುತ್ತೆ. ಖಾಲಿ ತೋಟಾ ಹೊರಗೆ ತಳ್ಳುವಾಗ ಒಂದೇ ಒತ್ತಿಗೆ ಬರ್ಬೇಕು, ತೋಟಾದ ಹಿಂಬದಿಯ ಪ್ರೈಮರ್ ಮೇಲೆ ಪಿನ್ ಹೊಡೆದ ಗುಳಿ ನಡುವೆ ಇರ್ಬೇಕು, ಎಲ್ಲದರಲ್ಲೂ ಒಂದೇ ಆಳ ಇರ್ಬೇಕು. ಗುಳಿ ಒಂದೇ ಪಕ್ಕಕ್ಕೆ ಸರಿದಿದ್ರೆ ಟೈಮಿಂಗ್ ಇನ್ನೊಂದು ಸಲ ನೋಡಿ, ಆ ಚೇಂಬರ್ ಯಾವುದು ಅಂತ ಮಾರ್ಕರಲ್ಲಿ ಗುರುತು ಹಾಕ್ಕೊಂಡೇ ಮಾರೋರ ಹತ್ರ ಮಾತಾಡೋಕೆ ಹೋಗಿ.