ವಿಜಯಪುರದಿಂದ ಸ್ಪಿತಿಗೆ ಹೊರಟಿದ್ದೀರಾ? ನಿಧಾನ ಹತ್ತಿ

ಹಿಮಾಚಲದ ಸ್ಪಿತಿ ಕಣಿವೆಯ ಮುಖ್ಯ ಊರು ಕಾಜಾ. ಅಲ್ಲಿಗೆ ಮನಾಲಿಯಿಂದ ಹೋಗಿ ಎನ್ನುವವರೇ ಜಾಸ್ತಿ. ನಾನು ಮಾತ್ರ ಶಿಮ್ಲಾ ದಾರಿ ಹಿಡಿಯಿರಿ ಅಂತೀನಿ. ನಮ್ಮ ವಿಜಯಪುರ ಇರುವುದು 600 ಮೀಟರ್ ಎತ್ತರದ ಆಸುಪಾಸಿನಲ್ಲಿ. ಕಾಜಾ 3,600 ಮೀಟರ್‌ಗೂ ಮೇಲೆ. ಮನಾಲಿಯಿಂದ ಹೊರಟರೆ ಅವತ್ತೇ 4,500 ಮೀಟರ್ ದಾಟಿದ ಕುಂಜುಮ್ ಪಾಸ್ ಹತ್ತಬೇಕು. ತಲೆನೋವು, ವಾಂತಿ ಅಲ್ಲೇ ಶುರುವಾಗುತ್ತೆ. ಚಳಿಗಾಲದಲ್ಲಂತೂ ಹಿಮ ಬಿದ್ದು ಆ ದಾರಿ ಬಂದ್.

ಸೋಲಾಪುರದಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದೆಹಲಿ ಸೇರಿ. ಅಲ್ಲಿಂದ ಶಿಮ್ಲಾ, ರಾಮ್‌ಪುರ, ರೆಕಾಂಗ್ ಪಿಯೋ. ಪಿಯೋದಲ್ಲಿ ಎರಡು ರಾತ್ರಿ ಸುಮ್ನೆ ಇರಿ. ಹತ್ತಿರದ ಕಲ್ಪಾ ನೋಡಿ, ಕಿನ್ನರ ಕೈಲಾಸ ಎದುರಿಗೇ ಕಾಣುತ್ತೆ. ಕಾಜಾ ಬಸ್ಸು ಬೆಳಗಿನ ಜಾವವೇ ಹೊರಡುತ್ತೆ, ಹಿಂದಿನ ದಿನವೇ ಸ್ಟ್ಯಾಂಡಿಗೆ ಹೋಗಿ ಸೀಟು ವಿಚಾರಿಸಿ. ಭಾರತೀಯರಿಗೆ ಪರ್ಮಿಟ್ ಬೇಡ, ಆಧಾರ್ ಕೈಯಲ್ಲಿರಲಿ.

ಕಾಜಾದ ತನಕ ಟಿಕೆಟ್ ತಗೋಬೇಡಿ, ತಾಬೋದಲ್ಲಿ ಇಳಿಯಿರಿ. ಅದು ಕಾಜಾಕ್ಕಿಂತ ತಗ್ಗಿನಲ್ಲಿದೆ, ಮೈ ಹೊಂದಿಕೊಳ್ಳುತ್ತೆ. ಆದರೆ ನಾನು ಇಳಿಯಿರಿ ಅನ್ನುವುದು ಮುಖ್ಯವಾಗಿ ಅಲ್ಲಿನ ಗೊಂಪಾಗಾಗಿ, ಅಂದರೆ ಬೌದ್ಧ ಮಠಕ್ಕಾಗಿ. ಸ್ಥಾಪನೆಯಾದದ್ದು ಕ್ರಿ.ಶ. 996ರಲ್ಲಿ. ನಮ್ಮ ಗೋಳಗುಮ್ಮಟಕ್ಕಿಂತ ಆರು ನೂರು ವರ್ಷಕ್ಕೂ ಹಳೆಯದು, ಅದೂ ಬರೀ ಮಣ್ಣಿನ ಗೋಡೆ! ಜೊತೆಗಿದ್ದ ವೈನಿ ನೋಡಿದವರೇ, "ಅಯ್ಯ, ನಮ್ಮ ಹಳೇ ಮಾಳಿಗಿ ಮನಿ ಇದ್ದಂಗ ಐತಲ್ಲ" ಅಂದರು. ಮಳೆ ಕಡಿಮೆ ಬೀಳುವ ಊರು, ಮಣ್ಣಿನ ಮಾಳಿಗೆ ಅಲ್ಲೂ ಬಾಳುತ್ತೆ. ಒಳಗೆ ಕತ್ತಲು. ಕಣ್ಣು ಹೊಂದಿಕೊಳ್ಳುವ ತನಕ ಬಾಗಿಲ ಹತ್ತಿರ ನಿಲ್ಲಿ. ಆಮೇಲೆ ಒಂದೊಂದೇ ಕಾಣುತ್ತೆ: ಗೋಡೆಗೆ ಅಂಟಿಸಿ ಕೂರಿಸಿದ ಮಣ್ಣಿನ ಮೂರ್ತಿಗಳು, ಅವುಗಳ ಕೆಳಗೆ ಸಾಲುಸಾಲು ಚಿತ್ರ. ಫೋಟೋ ತೆಗೆಯುವಂತಿಲ್ಲ. ಒಳ್ಳೆಯದೇ ಆಯ್ತು, ಇಲ್ಲದಿದ್ದರೆ ಯಾರೂ ನೋಡುತ್ತಿರಲಿಲ್ಲ.

ಚಪ್ಪಲಿ ಹೊರಗೆ ಬಿಡಿ. ನಮ್ಮ ಗುಡಿಯಲ್ಲಿ ಮಾಡಿದ ಹಾಗೇ ಪ್ರದಕ್ಷಿಣೆ ಬನ್ನಿ, ಪ್ರಾರ್ಥನಾ ಚಕ್ರವನ್ನೂ ಅದೇ ದಿಕ್ಕಿಗೆ ತಿರುಗಿಸಿ. ಚಿತ್ರ ಮುಟ್ಟಬೇಡಿ, ಬಣ್ಣ ಕೈಗೆ ಬರುತ್ತೆ. ಮತ್ತೆ, ಗುಮ್ಮಟದ ಗ್ಯಾಲರಿಯಲ್ಲಿ ಕೂಗಿ ಅಭ್ಯಾಸವಾದ ಮಕ್ಕಳಿದ್ದರೆ ಮೊದಲೇ ಹೇಳಿಡಿ!

ತಾಬೋದಿಂದ ಕಾಜಾ ಸುಮಾರು ಎರಡು ಗಂಟೆಯ ದಾರಿ. ಕೀ ಗೊಂಪಾ ಇನ್ನೂ ಮೇಲೆ, 4,100 ಮೀಟರ್ ದಾಟುತ್ತೆ. ಕಾಜಾ ತಲುಪಿದ ದಿನವೇ ಅಲ್ಲಿಗೆ ಓಡಬೇಡಿ. ನೀರು ಕುಡಿಯುತ್ತಾ ಇರಿ, ಕುಡಿತ ಬೇಡ. ತಲೆನೋವು ಜಾಸ್ತಿಯಾಗುತ್ತಾ ನಡೆಯಲು ಓಲಾಡುವಂತಾದರೆ ಮಾತ್ರೆ ನುಂಗಿ ಮಲಗುವುದಲ್ಲ, ತಕ್ಷಣ ಕೆಳಗಿಳಿಯಬೇಕು. ಬಿಪಿ, ಹೃದಯದ ತೊಂದರೆ ಇದ್ದವರು ಊರಲ್ಲೇ ಡಾಕ್ಟರನ್ನು ಕೇಳಿಕೊಂಡು ಹೊರಡಿ.

ನಗದು ಹಣ ಒಯ್ಯಿರಿ. ನೆಟ್‌ವರ್ಕ್ ಇಲ್ಲದ ಕಡೆ ಫೋನ್‌ಪೇ ನಡೆಯೋದಿಲ್ಲ. ಗುಡ್ಡ ಕುಸಿದು ರಸ್ತೆ ನಿಂತರೆ ಅಂತ ವಾಪಸ್ ರೈಲಿಗೆ ಎರಡು ದಿನ ಬಿಟ್ಟು ಟಿಕೆಟ್ ಮಾಡಿಸಿ.

ಇನ್ನು ಬುತ್ತಿ. ಥುಕ್ಪಾ (ನೂಡಲ್ಸ್ ಸೂಪ್), ಮೊಮೊ ಎಲ್ಲ ಸಿಗುತ್ತೆ, ಚೆನ್ನಾಗಿಯೇ ಇರುತ್ತೆ. ಆದರೂ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಡಬೇಡಿ. ಅಲ್ಲಿನ ಒಣ ಹವೆಗೆ ರೊಟ್ಟಿ ಒಂಚೂರೂ ಮೆತ್ತಗಾಗುವುದಿಲ್ಲ. ಗಟ್ಟಿ ಡಬ್ಬಿಯಲ್ಲಿ ಹಾಕಿ, ಬಸ್ಸಿನ ಕುಲುಕಾಟಕ್ಕೆ ಪುಡಿಯಾಗುತ್ತೆ.